ಅವಳಿ ಗೋಪುರಗಳ ನೆರಳಿನಲ್ಲಿ

ಚಾಮುಂಡಿಬೆಟ್ಟದ ಮೇಲೆ ನಿಂತು ಮೈಸೂರು ನಗರವನ್ನು ನೋಡುವವರ ಕಣ್ಣು ಮೊದಲು ಅರಮನೆಯ ಗುಮ್ಮಟಗಳನ್ನು ಅರಸುತ್ತದೆ. ಅಲ್ಲಿಂದ ತುಸು ಉತ್ತರಕ್ಕೆ ಹೊರಳಿದರೆ, ಮನೆಗಳ ಮಾಡುಗಳನ್ನೂ ಮರಗಳ ತಲೆಗಳನ್ನೂ ಮೀರಿ ಆಕಾಶದ ಕಡೆಗೆ ಚೂಪಾಗಿ ಏರಿದ ಎರಡು ಗೋಪುರಗಳು ಗೋಚರಿಸುತ್ತವೆ. ಅವು ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳು. ದಸರೆಗೆ ಬಂದ ಪ್ರವಾಸಿಗರು ಅರಮನೆಯನ್ನೂ ಮೃಗಾಲಯವನ್ನೂ ನೋಡಿ, ಇಲ್ಲಿಗೂ ಬಂದು, ಕತ್ತೆತ್ತಿ ನಿಂತು, ಒಂದು ಛಾಯಾಚಿತ್ರವನ್ನು ತೆಗೆದುಕೊಂಡು ಹೊರಟುಹೋಗುತ್ತಾರೆ. ಅವರು ಕಂಡದ್ದು ಕಟ್ಟಡವನ್ನು. ಆ ಕಟ್ಟಡವು ಯಾರಿಗಾಗಿ ಎದ್ದಿತೋ ಆ ಜನರನ್ನು ಕಾಣಬೇಕಾದರೆ, ಪ್ರವಾಸಿಗರು ಇನ್ನೂ ನಿದ್ರೆಯಲ್ಲಿರುವ ಹೊತ್ತಿನಲ್ಲಿ ಅಲ್ಲಿಗೆ ಹೋಗಬೇಕು.

ಮುಂಜಾನೆಯ ಘಂಟೆ ಕೇಳಿಸುವಾಗ ಬೀದಿಯಲ್ಲಿ ಹಾಲು ಮಾರುವವರೂ ಪತ್ರಿಕೆ ಹಂಚುವ ಹುಡುಗರೂ ಮಾತ್ರ ಓಡಾಡುತ್ತಿರುತ್ತಾರೆ. ತಲೆಯ ಮೇಲೆ ಸೆರಗು ಹೊದ್ದ ಮುದುಕಿಯರು ಜಪಸರವನ್ನು ಬೆರಳಿಗೆ ಸುತ್ತಿಕೊಂಡು ಬರುತ್ತಾರೆ. ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿ ಮುಗಿಸಿದ ದಾದಿಯರು, ಕೆಲಸಕ್ಕೆ ಹೊರಟ ಗಾರೆಯವರು, ಬಿಳಿಯ ಉಡುಪಿನ ಕನ್ಯಾಸ್ತ್ರೀಯರು, ಪರೀಕ್ಷೆಯ ಭಯದಿಂದ ಎಂದಿಗಿಂತ ಬೇಗ ಎದ್ದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಸೇರುತ್ತಾರೆ. ಬಲಿಪೂಜೆ ಆರಂಭವಾಗುತ್ತದೆ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿದು ಜನ ತಮ್ಮ ತಮ್ಮ ಕೆಲಸಗಳಿಗೆ ಚದುರಿಹೋಗುತ್ತಾರೆ. ಇದು ಪ್ರತಿದಿನವೂ ನಡೆಯುವ ಸಂಗತಿ. ಆದ್ದರಿಂದಲೇ ಯಾರ ಗಮನಕ್ಕೂ ಬಾರದ ಸಂಗತಿ.

ಕಥೋಲಿಕ ಕ್ರೈಸ್ತರ ಬಾಳಿನಲ್ಲಿ ಇಂತಹ ಒಂದು ದೇವಾಲಯಕ್ಕೂ ಅದರ ಸುತ್ತಲಿನ ಜನರಿಗೂ ಇರುವ ನಂಟು ವಿಶಿಷ್ಟವಾದುದು. ಒಂದು ನಿರ್ದಿಷ್ಟ ಎಲ್ಲೆಯೊಳಗೆ ವಾಸಿಸುವ ಎಲ್ಲ ಕಥೋಲಿಕರೂ ಸೇರಿ ಒಂದು ‘ಧರ್ಮಕೇಂದ್ರ’ವಾಗುತ್ತಾರೆ. ಅದರ ಹೊಣೆಯನ್ನು ಹೊತ್ತ ಗುರುವನ್ನು ಜನ ‘ಸ್ವಾಮಿಗಳು’ ಎಂದೋ ‘ಫಾದರ್’ ಎಂದೋ ಕರೆಯುತ್ತಾರೆ. ಇಂತಹ ಅನೇಕ ಧರ್ಮಕೇಂದ್ರಗಳು ಸೇರಿ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಧರ್ಮಪ್ರಾಂತ್ಯವಾಗುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಫಿಲೋಮಿನಾ ದೇವಾಲಯವು ಅದರ ಪ್ರಧಾನಾಲಯ. ಆದರೂ ಅಶೋಕ ರಸ್ತೆಯ ಆಸುಪಾಸಿನ ಕುಟುಂಬಗಳ ಪಾಲಿಗೆ ಅದು ಧರ್ಮಾಧ್ಯಕ್ಷರ ಪೀಠ ಎಂಬುದಕ್ಕಿಂತ ಹೆಚ್ಚಾಗಿ ‘ನಮ್ಮ ದೇವಾಲಯ’. ಮಗುವಿಗೆ ಹೆಸರಿಟ್ಟುದು ಅಲ್ಲಿ, ಅಕ್ಕನಿಗೆ ಮದುವೆಯಾದುದು ಅಲ್ಲಿ, ತಾತನ ಶವಪೆಟ್ಟಿಗೆಯನ್ನು ಕೊನೆಯ ಬಾರಿಗೆ ಇಳಿಸಿದುದೂ ಅಲ್ಲಿಯೇ.

ಈ ಸಮುದಾಯವು ಮೈಸೂರು ಸೀಮೆಗೆ ಬಂದ ಕಥೆ ಸಾಕಷ್ಟು ಹಳೆಯದು. 17ನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಏಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದನು. ಜನರೊಡನೆ ಮಾತನಾಡಬೇಕಾದರೆ ಕನ್ನಡವನ್ನು ಕಲಿಯದೆ ವಿಧಿಯಿಲ್ಲವೆಂದು ಅವನು ಬೇಗ ಅರಿತುಕೊಂಡನು. ಕನ್ನಡದ ಶಬ್ದಗಳನ್ನು ಸಂಗ್ರಹಿಸಿದನು, ವ್ಯಾಕರಣದ ನಿಯಮಗಳನ್ನು ಬರೆದಿಟ್ಟುಕೊಂಡನು. ಶತಮಾನ ಕಳೆದ ಮೇಲೆ ಈ ಪುಟ್ಟ ಸಮುದಾಯಕ್ಕೆ ಎರಡು ಪೆಟ್ಟುಗಳು ಬಿದ್ದವು. 1773ರಲ್ಲಿ ಪೋಪರ ಆಜ್ಞೆಯಂತೆ ಏಸುಸಭೆಯೇ ವಿಸರ್ಜನೆಗೊಂಡು ಗುರುಗಳಿಲ್ಲದಂತಾಯಿತು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಘಟ್ಟದ ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಬಹುಮಂದಿ ಕರಾವಳಿಗೆ ಹಿಂದಿರುಗಿದರು.

ಚದುರಿದವರನ್ನು ಕೂಡಿಸುವ ಕೆಲಸಕ್ಕೆ ಆಗ ಬಂದವನು ಫ್ರಾನ್ಸಿನ ಆಬೆ ದ್ಯುಬೊಆ. ಆಬೆ ಎಂದರೆ ಫ್ರೆಂಚ್ ಭಾಷೆಯಲ್ಲಿ ಪಾದ್ರಿ. ಅವನು ಈ ನಾಡಿನವರಂತೆ ಉಡುಪು ತೊಟ್ಟನು, ಮಾಂಸಾಹಾರವನ್ನು ಬಿಟ್ಟನು, ಹಳ್ಳಿಯಿಂದ ಹಳ್ಳಿಗೆ ಅಲೆದನು. ಜನ ಅವನನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾದ ಸಣ್ಣ ದೇವಾಲಯವಿದೆ. ಹಾಸನದ ಸಮೀಪದ ಸತ್ತಿಹಳ್ಳಿಯಲ್ಲಿ ನೆಲೆ ತಪ್ಪಿದ ಕುಟುಂಬಗಳಿಗೆ ಭೂಮಿಯನ್ನು ಒದಗಿಸಿ ಬೇಸಾಯಕ್ಕೆ ಹಚ್ಚಿದನು. ಇಂಗ್ಲೆಂಡಿನ ಜೆನ್ನರನು 1796ರಲ್ಲಿ ಕಂಡುಹಿಡಿದ ಸಿಡುಬಿನ ಲಸಿಕೆ ಭಾರತಕ್ಕೆ ಬಂದುದು 1802ರಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿಯೇ ದ್ಯುಬೊಆನ ಪ್ರಯತ್ನದಿಂದ ಮೈಸೂರು ಸೀಮೆಯ 25,000ಕ್ಕೂ ಹೆಚ್ಚು ಜನ ಆ ಲಸಿಕೆಯನ್ನು ಹಾಕಿಸಿಕೊಂಡರು. ಸೂಜಿಯ ಹೆಸರು ಕೇಳಿದರೆ ಜನ ಓಡಿಹೋಗುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಗ್ರಂಥವೊಂದು ಅವನ ಹೆಸರಿನಲ್ಲಿ ಜಗತ್ಪ್ರಸಿದ್ಧವಾಯಿತು. ಅದರ ಬಹುಭಾಗವು ಅವನಿಗಿಂತ ಹಿಂದಿನ ಕೆರ್ದು ಎಂಬ ಗುರುವಿನ ಹಸ್ತಪ್ರತಿಯಿಂದ ಬಂದುದೆಂದು ಈಚಿನ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಹಾಗಾದರೆ ದ್ಯುಬೊಆನ ಸ್ವಂತ ಕೃತಿ ಯಾವುದು? ಲಸಿಕೆ ಹಾಕಿಸಿಕೊಂಡ ತೋಳುಗಳೂ ಸತ್ತಿಹಳ್ಳಿಯ ಹೊಲಗಳೂ ಎಂದರೆ ತಪ್ಪಾಗದು. 1823ರಲ್ಲಿ ಅವನು ಭಾರತವನ್ನು ಬಿಟ್ಟು ಹೋದನು. ಈ ದೇಶದಲ್ಲಿ ಕ್ರೈಸ್ತಮತಕ್ಕೆ ಭವಿಷ್ಯವಿಲ್ಲವೆಂದು ಅವನಿಗೆ ಆಗಲೇ ತೋರಿಬಿಟ್ಟಿತ್ತು. ಹಾಗೆಂದು ಬರೆದು ಪ್ರಕಟಿಸಿದನು ಕೂಡ. ಗಂಜಾಮಿನ ದೇವಾಲಯ ಮಾತ್ರ ಉಳಿಯಿತು.

ಮೈಸೂರು ನಗರದಲ್ಲಿ ಈಗಿನ ದೇವಾಲಯವಿರುವ ಸ್ಥಳದಲ್ಲಿಯೇ 1843ರಲ್ಲಿ ಮೊದಲ ದೇವಾಲಯವನ್ನು ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ರಾಜ್ಯದ ಆಡಳಿತ ಅವರ ಕೈಯಲ್ಲಿರಲಿಲ್ಲ. 1831ರಲ್ಲಿಯೇ ಬ್ರಿಟಿಷರು ಅದನ್ನು ವಶಪಡಿಸಿಕೊಂಡಿದ್ದರು. ಅಧಿಕಾರವಿಲ್ಲದ ಅರಸರಲ್ಲಿ ದಾನಬುದ್ಧಿ ಉಳಿದಿತ್ತು. ಆ ಕಟ್ಟಡದ ಶಾಸನವು ಸಕಲ ಜೀವರಾಶಿಗಳನ್ನು ಸೃಷ್ಟಿಸಿ ಕಾಪಾಡುವ ಒಬ್ಬನೇ ದೇವರನ್ನು ಸ್ಮರಿಸುತ್ತದೆ. ಏಸುಕ್ರಿಸ್ತನು ಅವತರಿಸಿದ ವರ್ಷದಿಂದ ಕಾಲವನ್ನು ಎಣಿಸುತ್ತದೆ. ಶ್ರೀಕಂಠೇಶ್ವರನ ಭಕ್ತರಾದ ದೊರೆಯ ದಾನವನ್ನು ಸಾರುವ ಕಲ್ಲು ಕ್ರಿಸ್ತನ ‘ಅವತಾರ’ವನ್ನು ಕುರಿತು ಮಾತನಾಡುವುದನ್ನು ಓದಿದಾಗ, ಪರಮತವು ಈ ನೆಲದ ನುಡಿಯೊಳಗೆ ಹೇಗೆ ನೆಲೆಗೊಂಡಿತು ಎಂಬುದು ಮನಸ್ಸಿಗೆ ಹೊಳೆಯುತ್ತದೆ.

ತೊಂಬತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆದು ಆ ದೇವಾಲಯ ಸಾಲದಾಯಿತು. ಇದೇ ಸಮಯದಲ್ಲಿ ಇನ್ನೊಂದು ಸಂಗತಿ ಕೂಡಿಬಂದಿತು. ಅರಮನೆಯಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು ಕಥೋಲಿಕ ಕ್ರೈಸ್ತರು. ಅವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವೊಂದನ್ನು ಪಡೆದು ತಂದರು. ಅದನ್ನು ಫಾದರ್ ಕೊಶೆ ಎಂಬ ಗುರುಗಳಿಗೆ ಒಪ್ಪಿಸಲಾಯಿತು. ಸಂತಳ ಹೆಸರಿನಲ್ಲಿ ದೊಡ್ಡ ದೇವಾಲಯವೊಂದನ್ನು ಕಟ್ಟಲು ನೆರವಾಗಬೇಕೆಂದು ಅವರು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಪ್ರಾರ್ಥಿಸಿದರು. 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಬಂದು ಅಸ್ತಿಭಾರದ ಶಿಲೆಯನ್ನು ಇಟ್ಟರು. ದೇವರ ಕರುಣೆ ಮತ್ತು ಮನುಷ್ಯರ ಕೃತಜ್ಞತೆ ಎಂಬ ಎರಡು ತಳಹದಿಗಳ ಮೇಲೆ ಈ ದೇವಾಲಯ ಭದ್ರವಾಗಿ ನಿಲ್ಲುವುದೆಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಧರ್ಮಾಧ್ಯಕ್ಷ ರೆನೆ ಫ್ಯೂಗಾ ಅವರ ಕಾಲದಲ್ಲಿ ಕಟ್ಟಡಕ್ಕೆ ಪೂರ್ಣರೂಪ ಬಂದಿತು.

ಕಟ್ಟಡದ ವಿನ್ಯಾಸವನ್ನು ಮಾಡಿದವನು ಡಾಲಿ ಎಂಬ ಫ್ರೆಂಚ್ ಶಿಲ್ಪಿ. ಅವನಿಗೆ ಮಾದರಿಯಾದುದು ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯ. ಅದರ ಕೆಲಸ 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿಯಿತು. ಕೊಲೋನಿನ ಗೋಪುರಗಳ ಎತ್ತರ 515 ಅಡಿ. ಮೈಸೂರಿನವು 175 ಅಡಿ. ನೆಲದ ನಕ್ಷೆ ಶಿಲುಬೆಯ ಆಕಾರದ್ದು: ಜನ ಕೂಡುವ ಉದ್ದನೆಯ ಭಾಗ ಶಿಲುಬೆಯ ಕಂಬ, ಎಡಬಲಕ್ಕೆ ಚಾಚಿದ ಭಾಗಗಳು ಅದರ ತೋಳು. ಕಮಾನುಗಳು ದುಂಡಾಗಿರದೆ ಎರಡು ಅಂಗೈಗಳನ್ನು ಜೋಡಿಸಿದಂತೆ ಮೇಲೆ ಮೊನಚಾಗಿ ಕೂಡುತ್ತವೆ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ ಮೊದಲಾದ ಪ್ರಸಂಗಗಳು ಚಿತ್ರಿತವಾಗಿವೆ. ಅಕ್ಷರ ಬಾರದವರೂ ತಲೆಯೆತ್ತಿ ಓದಬಹುದಾದ ಪುಸ್ತಕವೆಂದರೆ ಅದು.

ಆದರೆ ಧರ್ಮಕೇಂದ್ರದ ನಿಜವಾದ ಪುಸ್ತಕ ಗುರುಗಳ ಕಚೇರಿಯ ಕಪಾಟಿನಲ್ಲಿರುತ್ತದೆ. ಜ್ಞಾನಸ್ನಾನ, ವಿವಾಹ, ಮರಣ ಇವುಗಳಿಗೆ ಪ್ರತಿಯೊಂದು ಧರ್ಮಕೇಂದ್ರವೂ ಪ್ರತ್ಯೇಕ ದಾಖಲೆ ಪುಸ್ತಕಗಳನ್ನು ಇಡಬೇಕೆಂಬುದು ಧರ್ಮಸಭೆಯ ಕಾನೂನು. 16ನೆಯ ಶತಮಾನದ ಟ್ರೆಂಟ್ ಮಹಾಸಭೆಯ ಕಾಲದಿಂದ ಬಂದ ಈ ನಿಯಮವು 1983ರ ಧರ್ಮಸಂಹಿತೆಯಲ್ಲಿಯೂ ಉಳಿದಿದೆ. ಮಗುವಿನ ತಲೆಯ ಮೇಲೆ ನೀರನ್ನು ಸುರಿದು ಹೆಸರಿಟ್ಟ ಕೂಡಲೇ ಆ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ದೇವರ ತಂದೆ ದೇವರ ತಾಯಿ ಎನಿಸಿದವರ ಹೆಸರು, ಗುರುವಿನ ಸಹಿ ಎಲ್ಲವೂ ಒಂದು ಸಾಲಿನಲ್ಲಿ ಸೇರುತ್ತವೆ. ಪಕ್ಕದಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಆ ಮಗು ಬೆಳೆದು ಎಲ್ಲಿ ಮದುವೆಯಾದರೂ, ಮದುವೆ ಮಾಡಿಸಿದ ಗುರುಗಳು ಈ ಧರ್ಮಕೇಂದ್ರಕ್ಕೆ ತಿಳಿಸಬೇಕು. ಆ ಸುದ್ದಿ ಖಾಲಿ ಜಾಗದಲ್ಲಿ ನಮೂದಾಗಬೇಕು. ಹೀಗಾಗಿ ಒಬ್ಬ ಮನುಷ್ಯನು ಮುಂಬಯಿಗೆ ಹೋಗಲಿ, ದುಬೈಗೆ ಹೋಗಲಿ, ಅವನ ಬಾಳಿನ ಸಾಲು ಹುಟ್ಟಿದೂರಿನ ಪುಸ್ತಕದಲ್ಲಿಯೇ ಮುಂದುವರಿಯುತ್ತದೆ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಎಷ್ಟೋ ಬಡವರಿಗೆ ಶಾಲೆಗೆ ಸೇರುವಾಗ ವಯಸ್ಸಿನ ಆಧಾರವಾಗಿ ತೋರಿಸಲು ಇದ್ದುದು ಈ ಪುಸ್ತಕದಿಂದ ಪ್ರತಿ ಮಾಡಿದ ಒಂದು ಚೀಟಿ. ಹುಟ್ಟಿದ ದಿನವನ್ನು ಜಾತಕದಲ್ಲಿ ಬರೆಸಲು ಶಕ್ತಿಯಿಲ್ಲದ ಕೂಲಿಯವನ ಮಗನಿಗೂ ಒಂದು ತಾರೀಖು ಇತ್ತೆಂಬುದು ಸಣ್ಣ ಮಾತಲ್ಲ.

ಈ ಕಡೆಯ ಕಥೋಲಿಕರ ಹಳೆಯ ಹೆಸರುಗಳು ಕುತೂಹಲಕರವಾಗಿವೆ. ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಚೌರಪ್ಪ ಎಂಬ ಹೆಸರುಗಳನ್ನು ಕೇಳಿದವರಿಗೆ ಇವು ವಿದೇಶದ ಸಂತರ ಹೆಸರುಗಳೆಂದು ಹೊಳೆಯುವುದಿಲ್ಲ. ರಾಯಪ್ಪನೆಂದರೆ ಸಂತ ಪೇತ್ರ, ಇನ್ನಾಸಪ್ಪನೆಂದರೆ ಇಗ್ನೇಷಿಯಸ್, ಚೌರಪ್ಪನೆಂದರೆ ಕ್ಸೇವಿಯರ್. ಲ್ಯಾಟಿನ್ನಿನಲ್ಲಿ ‘ಪೌಲುಸ್’ ಎಂದರೆ ಚಿಕ್ಕವನು; ತಮಿಳಿನ ‘ಚಿನ್ನ’ ಎಂಬುದಕ್ಕೂ ಅದೇ ಅರ್ಥ; ಆದ್ದರಿಂದ ಪೌಲನು ಚಿನ್ನಪ್ಪನಾದನು. ಯೊಹಾನ ಎಂಬ ಹೀಬ್ರೂ ಹೆಸರಿನಲ್ಲಿ ದೇವರ ಕೃಪೆ ಎಂಬ ಅರ್ಥವಿದೆ. ತಮಿಳಿನಲ್ಲಿ ಕೃಪೆಗೆ ‘ಅರುಳ್’ ಎನ್ನುತ್ತಾರೆ. ಹಾಗಾಗಿ ಯೊಹಾನನು ಅರುಳಪ್ಪನಾದನು. ಜೆರುಸಲೇಮಿನಿಂದ ರೋಮಿಗೆ, ರೋಮಿನಿಂದ ತಮಿಳುನಾಡಿಗೆ, ಅಲ್ಲಿಂದ ಮೈಸೂರು ಸೀಮೆಗೆ ಬರುವಷ್ಟರಲ್ಲಿ ಹೆಸರು ಕೊನೆಗೊಂದು ‘ಅಪ್ಪ’ನನ್ನು ಸೇರಿಸಿಕೊಂಡು ನಮ್ಮ ಮನೆಯದಾಯಿತು. ಈಗಿನ ಮಕ್ಕಳಿಗೆ ಇಂತಹ ಹೆಸರುಗಳನ್ನು ಇಡುವವರು ಕಡಿಮೆಯಾಗಿದ್ದಾರೆ. ಇಂಗ್ಲಿಷಿನ ಮೆರುಗು ಹಚ್ಚಿದ ಹೆಸರುಗಳು ಅವುಗಳ ಸ್ಥಾನಕ್ಕೆ ಬಂದಿವೆ. ಅರ್ಥ ತುಂಬಿದ ಹಳೆಯ ಹೆಸರುಗಳು ಸಮಾಧಿಯ ಕಲ್ಲುಗಳ ಮೇಲೆ ಹೆಚ್ಚಾಗಿ ಕಾಣಸಿಗುತ್ತವೆ ಎಂಬುದು ವಿಷಾದದ ಸಂಗತಿ.

ಧರ್ಮಕೇಂದ್ರದ ವರ್ಷಕ್ಕೆ ಅದರದೇ ಆದ ಋತುಗಳಿವೆ. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಜನ ತಪಸ್ಸುಕಾಲವನ್ನು ಪ್ರವೇಶಿಸುತ್ತಾರೆ. ಆ ದಿನಗಳಲ್ಲಿ ಮಾಂಸವನ್ನು ಬಿಡುವವರೂ, ಮದ್ಯವನ್ನು ಬಿಡುವವರೂ, ಬಿಟ್ಟು ಉಳಿಸಿದ ಹಣವನ್ನು ಕಾಣಿಕೆಯ ಡಬ್ಬಿಗೆ ಹಾಕುವವರೂ ಇರುತ್ತಾರೆ. ಪ್ರತಿ ಶುಕ್ರವಾರ ಶಿಲುಬೆಯ ಹಾದಿ ನಡೆಯುತ್ತದೆ. ಗರಿಗಳ ಭಾನುವಾರ, ಶುಭ ಶುಕ್ರವಾರ, ಪಾಸ್ಕ ಹಬ್ಬ ಇವು ಒಂದರ ಹಿಂದೊಂದು ಬರುತ್ತವೆ. ಜೂನ್ 13ರಂದು ಸಂತ ಅಂತೋಣಿಯವರ ಹಬ್ಬ. ಅಂದು ಮೈಸೂರಿನ ಜನರ ಮುಖ ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಯ ಕಡೆಗಿರುತ್ತದೆ. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತೆಂದೂ, ಬೊಂಬೆಯೆಂದು ತಿಳಿದು ಅವನು ಅದನ್ನು ಮಕ್ಕಳ ಕೈಗೆ ಕೊಟ್ಟನೆಂದೂ, ಬಳಿಕ ಅದರ ಮಹಿಮೆಯನ್ನು ಅರಿತು ಗುಡಿ ಕಟ್ಟಿಸಿದನೆಂದೂ ಅಲ್ಲಿನ ಐತಿಹ್ಯ ಹೇಳುತ್ತದೆ. ಮಾದೇಶ್ವರನ ಬೆಟ್ಟಕ್ಕೆ ಹರಕೆ ಹೊರುವ ಒಕ್ಕಲಿಗರೂ ಮುಡುಕುತೊರೆಗೆ ಹೋಗಿಬರುವ ಲಿಂಗಾಯತರೂ ಇಲ್ಲಿಗೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. 2019ರಲ್ಲಿ ಪೋಪರು ಈ ಕ್ಷೇತ್ರಕ್ಕೆ ಬಸಿಲಿಕ ಎಂಬ ಗೌರವವನ್ನು ನೀಡಿದರು. ನವೆಂಬರ್ 2ರಂದು ಸತ್ತವರ ಸ್ಮರಣೆಗಾಗಿ ಸಮಾಧಿಗಳನ್ನು ತೊಳೆದು ಹೂವಿಟ್ಟು ದೀಪ ಹಚ್ಚುತ್ತಾರೆ. ಡಿಸೆಂಬರಿನಲ್ಲಿ ಓಣಿಯ ಹುಡುಗರು ಹುಲ್ಲು, ಕಾಗದ, ಮಣ್ಣುಗಳನ್ನು ಕೂಡಿಸಿ ಗೋದಲಿಯನ್ನು ಕಟ್ಟುತ್ತಾರೆ. ಅದರಲ್ಲಿ ಬೆತ್ಲೆಹೇಮಿನ ಕುರುಬರ ಪಕ್ಕದಲ್ಲಿ ಮೈಸೂರಿನ ಎತ್ತಿನ ಗಾಡಿಯೂ ನಿಂತಿರುವುದುಂಟು.

ಹಬ್ಬದ ಸಡಗರ ಕಣ್ಣಿಗೆ ಬೀಳುತ್ತದೆ. ಬೀಳದಿರುವ ಕೆಲಸಗಳೂ ಇವೆ. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡರಿಕ್ ಓಜನಾಮನು ಗೆಳೆಯರೊಡನೆ ಆರಂಭಿಸಿದ ವಿನ್ಸೆಂಟ್ ದಿ ಪೌಲ್ ಸಭೆಯ ಶಾಖೆಗಳು ಅನೇಕ ಧರ್ಮಕೇಂದ್ರಗಳಲ್ಲಿವೆ. ಸದಸ್ಯರು ವಾರಕ್ಕೊಮ್ಮೆ ಕೂಡುತ್ತಾರೆ. ಒಂದು ಚೀಲವನ್ನು ಸುತ್ತ ಕಳುಹಿಸುತ್ತಾರೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದಂತೆ ಕೈಯನ್ನು ಚೀಲದೊಳಗೇ ಬಿಚ್ಚುತ್ತಾರೆ. ಆ ಹಣದಿಂದ ವಿಧವೆಯ ಮನೆಗೆ ಅಕ್ಕಿ, ಹುಡುಗನೊಬ್ಬನ ಶಾಲೆಯ ಶುಲ್ಕ, ರೋಗಿಯ ಔಷಧ ಸಲ್ಲುತ್ತವೆ. ನೆರವನ್ನು ಕಳುಹಿಸಿಕೊಟ್ಟರೆ ಸಾಲದು, ಮನೆಗೆ ಹೋಗಿ ಕುಳಿತು ಮಾತನಾಡಿಸಿ ಬರಬೇಕೆಂಬುದು ಆ ಸಭೆಯ ಕಟ್ಟುಪಾಡು. ಧರ್ಮಾಧ್ಯಕ್ಷ ಫ್ಯೂಗಾ ಅವರ ಕಾಲದಲ್ಲಿಯೇ, 1946ರಲ್ಲಿ, ಸಂತ ಫಿಲೋಮಿನಾ ಕಾಲೇಜು ಆರಂಭವಾಯಿತು. ಅಲ್ಲಿ ಓದಿದವರಲ್ಲಿ ಎಲ್ಲ ಮತಗಳವರೂ ಇದ್ದಾರೆ. ಹಾಗಿರದೆ ಗತ್ಯಂತರವೂ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದ ನೂರು ಜನರಲ್ಲಿ ಕ್ರೈಸ್ತರ ಸಂಖ್ಯೆ ಎರಡನ್ನೂ ಮುಟ್ಟುವುದಿಲ್ಲ.

ಶತಮಾನಗಳ ಕಾಲ ಕಥೋಲಿಕರ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಗುರು ಜನರಿಗೆ ಬೆನ್ನು ಮಾಡಿ, ಪೀಠದ ಕಡೆಗೆ ಮುಖ ಮಾಡಿ ಮಂತ್ರಗಳನ್ನು ಹೇಳುತ್ತಿದ್ದನು. ಜನರಿಗೆ ಅದರಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅವರು ತಮ್ಮ ಪಾಡಿಗೆ ತಾವು ಮೊಣಕಾಲೂರಿ ಜಪಸರವನ್ನು ಎಣಿಸುತ್ತಿದ್ದರು. ಪ್ರವಚನ, ಹಾಡು, ಮಕ್ಕಳಿಗೆ ಉಪದೇಶಿ ಹೇಳಿಕೊಡುತ್ತಿದ್ದ ಪ್ರಾರ್ಥನೆಗಳು ಮಾತ್ರ ತಾಯ್ನುಡಿಯಲ್ಲಿರುತ್ತಿದ್ದವು. ಗುರುಗಳು ಕನ್ನಡವನ್ನು ಕಲಿಯಲೆಂದು 19ನೆಯ ಶತಮಾನದ ನಡುವಿನಲ್ಲಿಯೇ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದ್ದರು. ಜನರಿಗೆ ಲ್ಯಾಟಿನ್ ತಿಳಿಯುವುದಕ್ಕೆ ಮಾತ್ರ ಯಾವ ಏರ್ಪಾಡೂ ಇರಲಿಲ್ಲ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಈ ಪದ್ಧತಿಯನ್ನು ಬದಲಾಯಿಸಿತು. ಜನರ ನುಡಿಯಲ್ಲಿ ಪೂಜೆ ಸಲ್ಲಿಸಲು 1963ರಲ್ಲಿ ಅದು ಬಾಗಿಲು ತೆರೆಯಿತು. 1969ರ ಕೊನೆಯಲ್ಲಿ ಹೊಸ ಪೂಜಾವಿಧಿ ಜಾರಿಗೆ ಬಂದಿತು. ಗುರುಗಳು ಜನರ ಕಡೆಗೆ ತಿರುಗಿ ನಿಂತರು. ಪೀಠದಿಂದ ಕನ್ನಡ ಕೇಳಿಬಂದಿತು. ಹಿರಿಯರಲ್ಲಿ ಕೆಲವರಿಗೆ ಇದು ಸಂತೋಷವನ್ನು ತಂದಿತು. ಕೆಲವರಿಗೆ ಏನೋ ಗಾಂಭೀರ್ಯ ಕಳೆದುಹೋದಂತೆ ಕಂಡಿತು.

ಬಾಗಿಲು ತೆರೆದೊಡನೆ ಇನ್ನೊಂದು ಪ್ರಶ್ನೆಯೂ ಒಳಗೆ ಬಂದಿತು. ಜನರ ನುಡಿ ಎಂದರೆ ಯಾವ ಜನರ ನುಡಿ? ಲ್ಯಾಟಿನ್ ಯಾರ ಮಾತೂ ಅಲ್ಲದ ಕಾರಣ ಎಲ್ಲರಿಗೂ ಸಮಾನವಾಗಿತ್ತು. ಮೈಸೂರಿನ ಕಥೋಲಿಕರಲ್ಲಿ ಕನ್ನಡದವರಿದ್ದಾರೆ, ತಮಿಳು ಮನೆಮಾತಿನವರಿದ್ದಾರೆ, ಕೊಂಕಣಿ ಮತ್ತು ಮಲಯಾಳವನ್ನು ಆಡುವವರಿದ್ದಾರೆ, ಇಂಗ್ಲಿಷಿನಲ್ಲಿಯೇ ಬೆಳೆದವರಿದ್ದಾರೆ. ಮುಖ್ಯ ಪೂಜೆ ಯಾವ ಭಾಷೆಯಲ್ಲಿ, ಅನುಕೂಲವಾದ ಹೊತ್ತು ಯಾರಿಗೆ, ಹಬ್ಬದ ದಿನದ ಹಾಡು ಯಾರದು ಎಂಬ ಮಾತುಗಳು ಎದ್ದವು. ಕರ್ನಾಟಕದ ಹಲವೆಡೆ, ಅದರಲ್ಲಿಯೂ ಬೆಂಗಳೂರಿನಲ್ಲಿ, ಈ ವಿವಾದ ದಶಕಗಳ ಕಾಲ ನಡೆದು ಬಹಳ ಕಹಿಯನ್ನು ಉಳಿಸಿತು. ನಾಡಿನ ದೇವಾಲಯಗಳಲ್ಲಿ ನಾಡಿನ ನುಡಿಗೆ ಮೊದಲ ಸ್ಥಾನ ಬೇಕೆಂಬ ಕನ್ನಡಿಗರ ಕೋರಿಕೆ ನ್ಯಾಯವಾದುದು. ಎರಡು ತಲೆಮಾರುಗಳ ಹಿಂದೆ ವಲಸೆ ಬಂದ ಕೂಲಿಗಾರನ ಮೊಮ್ಮಗಳು ಅಜ್ಜಿ ಕಲಿಸಿದ ಮಾತಿನಲ್ಲಿಯೇ ದೇವರನ್ನು ಕರೆಯಬಯಸುವುದೂ ಸಹಜವೇ. ಅಶೋಕ ರಸ್ತೆಯ ದೇವಾಲಯದಲ್ಲಿ ಭಾನುವಾರಗಳಂದು ಕನ್ನಡ, ಇಂಗ್ಲಿಷ್, ತಮಿಳು ಪೂಜೆಗಳಿಗೆ ಬೇರೆ ಬೇರೆ ಹೊತ್ತುಗಳನ್ನು ಗೊತ್ತುಪಡಿಸಿದ್ದಾರೆ. ಒಂದು ಪೂಜೆ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಹತ್ತು ನಿಮಿಷಗಳಲ್ಲಿ, ಒಳಗಿನಿಂದ ಹೊರಬರುವವರೂ ಹೊರಗಿನಿಂದ ಒಳಹೋಗುವವರೂ ಮೆಟ್ಟಿಲುಗಳ ಮೇಲೆ ಎದುರಾಗುತ್ತಾರೆ. ಅಲ್ಲಿ ನಡೆಯುವ ಕುಶಲಪ್ರಶ್ನೆಗಳು ಸಾಮಾನ್ಯವಾಗಿ ಕನ್ನಡದಲ್ಲಿರುತ್ತವೆ.

ದೇವಾಲಯದ ಮೇಲ್ಭಾಗದ ಕಥೆ ಇಷ್ಟಾಯಿತು. ಅದರ ನೆಲಮಾಳಿಗೆಗೆ ಇಳಿದವರಿಗೆ ಬೇರೊಂದು ಕಥೆ ಕಾದಿರುತ್ತದೆ. ಕಿರಿದಾದ ಮೆಟ್ಟಿಲುಗಳನ್ನು ಇಳಿದರೆ ಮಂದವಾದ ಬೆಳಕಿನಲ್ಲಿ ಗಾಜಿನ ಹಿಂದೆ ಮಲಗಿರುವ ಬಾಲಿಕೆಯೊಬ್ಬಳ ಪ್ರತಿಮೆ ಕಾಣುತ್ತದೆ. ಅವಳೇ ಫಿಲೋಮಿನಾ. ಅವಳ ಅಸ್ಥಿಗಳು ಸಿಕ್ಕಿದ್ದು 1802ರ ಮೇ ತಿಂಗಳಲ್ಲಿ, ರೋಮಿನ ನೆಲದಡಿಯ ಪುರಾತನ ಸಮಾಧಿಗಳಲ್ಲಿ. ಗೋರಿಯನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ‘ಲುಮೆನಾ, ಪಾಕ್ಸ್ ತೆ, ಕುಂ ಫಿ’ ಎಂದು ಬರೆದಿತ್ತು. ಮೊದಲ ಹೆಂಚನ್ನು ಕೊನೆಗಿಟ್ಟು ಓದಿದರೆ ‘ಪಾಕ್ಸ್ ತೆಕುಂ ಫಿಲುಮೆನಾ’ ಎಂದಾಗುತ್ತದೆ. ‘ಫಿಲುಮೆನಾ, ನಿನಗೆ ಶಾಂತಿ’ ಎಂದು ಅದರ ಅರ್ಥ. ಧರ್ಮಕ್ಕಾಗಿ ಪ್ರಾಣಕೊಟ್ಟ ಬಾಲಿಕೆಯ ಗೋರಿ ಇದೆಂದು ಜನ ನಂಬಿದರು. ಅಸ್ಥಿಗಳನ್ನು 1805ರಲ್ಲಿ ಇಟಲಿಯ ಮುನ್ಯಾನೊ ಎಂಬ ಊರಿಗೆ ಒಯ್ದರು. ಅವಳ ಹೆಸರಿನಲ್ಲಿ ಪವಾಡಗಳ ಸುದ್ದಿ ಹಬ್ಬಿತು. ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕನೆನಿಸಿದ ಫ್ರಾನ್ಸಿನ ಸಂತ ಜಾನ್ ವಿಯಾನಿಯೇ ಅವಳ ಪರಮಭಕ್ತನಾಗಿದ್ದನು. ಫ್ರೆಂಚ್ ಗುರುಗಳ ಮೂಲಕ ಬೆಳೆದ ಮೈಸೂರಿಗೆ ಆ ಭಕ್ತಿ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ 20ನೆಯ ಶತಮಾನದ ಆರಂಭದಲ್ಲಿಯೇ ಪುರಾತತ್ತ್ವಜ್ಞರು ಸಂಶಯವೆತ್ತಿದರು. ಹಳೆಯ ಗೋರಿಯ ಹೆಂಚುಗಳನ್ನು ತಂದು ಇನ್ನೊಂದು ಗೋರಿಗೆ ಮುಚ್ಚುವುದು ಅಲ್ಲಿ ವಾಡಿಕೆಯಾಗಿತ್ತು. ಹೆಂಚುಗಳ ಕ್ರಮ ತಪ್ಪಿದ್ದುದೇ ಅದಕ್ಕೆ ಸಾಕ್ಷಿ. ಹಾಗಿದ್ದರೆ ಸಿಕ್ಕಿದ ಅಸ್ಥಿಗಳು ಫಿಲುಮೆನಾ ಎಂಬವಳವೇ ಅಲ್ಲದಿರಬಹುದು ಎಂಬುದು ಅವರ ವಾದ. ಅವಳ ಬಾಳನ್ನು ತಿಳಿಸುವ ಪ್ರಾಚೀನ ಲೇಖನ ಒಂದೂ ಇರಲಿಲ್ಲ. 1961ರ ಫೆಬ್ರವರಿ 14ರಂದು ರೋಮಿನ ಧಾರ್ಮಿಕ ವಿಧಿಗಳ ಇಲಾಖೆಯು ಫಿಲೋಮಿನಾಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದಲೂ ತೆಗೆದುಹಾಕುವಂತೆ ಆಜ್ಞೆ ಮಾಡಿತು. ಮೈಸೂರಿನ ದೇವಾಲಯ ಆಗ ಮೂವತ್ತು ವರ್ಷವನ್ನೂ ತುಂಬಿರಲಿಲ್ಲ. ಯಾರ ಹೆಸರಿನಲ್ಲಿ ಮಹಾರಾಜರು ಶಿಲೆಯಿಟ್ಟಿದ್ದರೋ, ಯಾರ ಹೆಸರನ್ನು ಕಾಲೇಜಿಗೂ ಇಟ್ಟಿದ್ದರೋ, ಆ ಸಂತಳೇ ಪಂಚಾಂಗದಲ್ಲಿ ಇಲ್ಲದಂತಾಯಿತು.

ಭಕ್ತರಿಗೆ ಇದು ನೋವಿನ ಸಂಗತಿಯಾಗಿರಬೇಕು. ಧರ್ಮಸಭೆಯು ಒಂದು ಕಡೆ ಸತ್ಯದ ಪರೀಕ್ಷೆಗೆ ತನ್ನ ಪಂಚಾಂಗವನ್ನೇ ಒಡ್ಡಿದುದು ಮೆಚ್ಚತಕ್ಕುದು. ಇನ್ನೊಂದು ಕಡೆ, ಮಗುವಿನ ಜ್ವರ ಇಳಿಯಲೆಂದು ಆ ನೆಲಮಾಳಿಗೆಯಲ್ಲಿ ಮೊಣಕಾಲೂರಿದ್ದ ತಾಯಿಗೆ ಹೆಂಚುಗಳ ಕ್ರಮದಿಂದ ಆಗಬೇಕಾದುದೇನು? ವೈಯಕ್ತಿಕ ಪ್ರಾರ್ಥನೆಯನ್ನು ಯಾರೂ ನಿಷೇಧಿಸಲಿಲ್ಲ. ಪ್ರಧಾನಾಲಯಕ್ಕೆ ಸಂತ ಜೋಸೆಫರ ಹೆಸರೂ ಇದೆ. ದಾಖಲೆಗಳಲ್ಲಿ ಎರಡು ಹೆಸರುಗಳೂ ಕೂಡಿಯೇ ಬರುತ್ತವೆ. ಆದರೆ ಮೈಸೂರಿನ ಆಟೋ ಚಾಲಕನಿಗೆ ಜೋಸೆಫರ ದೇವಾಲಯಕ್ಕೆ ಹೋಗಬೇಕೆಂದರೆ ಅವನು ಎಲ್ಲಿಗೆಂದು ಮತ್ತೊಮ್ಮೆ ಕೇಳುತ್ತಾನೆ. ಫಿಲೋಮಿನಾ ಚರ್ಚು ಎಂದರೆ ಗಾಡಿಯನ್ನು ತಿರುಗಿಸುತ್ತಾನೆ.

ಪ್ರತಿ ವರ್ಷ ಆಗಸ್ಟ್ 11ರ ಸುಮಾರಿಗೆ ನೆಲಮಾಳಿಗೆಯ ಮೆಟ್ಟಿಲುಗಳಲ್ಲಿ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ಕುಂಕುಮವಿಟ್ಟ ಹೆಂಗಸರೂ ಬುರ್ಖಾ ತೊಟ್ಟವರೂ ಇರುತ್ತಾರೆ. ಒಂದು ಬಾಗಿಲಿನಿಂದ ಇಳಿದು, ಗಾಜಿನ ಮುಂದೆ ಗಳಿಗೆ ನಿಂತು, ಇನ್ನೊಂದು ಬಾಗಿಲಿನಿಂದ ಮೇಲೆ ಬಂದರೆ ಅಶೋಕ ರಸ್ತೆಯ ಸದ್ದು ಮತ್ತೆ ಕೇಳಿಸತೊಡಗುತ್ತದೆ.